ಕಂಪ್ರೆಶನ್ ಇಲ್ಲ ಅಂದ ಕೂಡಲೇ ಬೋರ್ ಮಾಡಿಸಬೇಕಾ?

ಪ್ರಶ್ನೆ: ಸರ್, ನನ್ನದು ಪೆಟ್ರೋಲ್ ನೀರಿನ ಪಂಪ್. ಫೋರ್ ಸ್ಟ್ರೋಕ್, ಒಂದೇ ಸಿಲಿಂಡರ್. ತುಂಬಾ ದಿನ ಮೂಲೆಯಲ್ಲಿ ನಿಂತಿತ್ತು. ಈಗ ಹಗ್ಗ ಎಳೆದರೆ ಬಿಗಿಯೇ ಇಲ್ಲ. ಪ್ಲಗ್‌ನಲ್ಲಿ ಕಿಡಿ ಬರುತ್ತಿದೆ, ಪೆಟ್ರೋಲ್ ಹೊಸದು. ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಗೇಜ್ ಹಾಕಿದರೂ ಮುಳ್ಳು ಮೇಲೇರುತ್ತಿಲ್ಲ. ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಬೋರ್ ಮಾಡಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ) ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಉತ್ತರ: ಈಗಲೇ ಬೇಡ. ಸುಮ್ನೆ ನಿಂತ ಇಂಜಿನ್‌ನಲ್ಲಿ ರಿಂಗ್ ಸವೆಯುವುದು ಹೇಗೆ? ಅಂಟಿಕೊಳ್ಳಬಹುದು, ಅಷ್ಟೇ. ನನಗೆ ಸಿಲಿಂಡರ್‌ನ ಬಾಗಿಲಿನಂತಿರುವ ವಾಲ್ವ್ ಮೇಲೇ ಅನುಮಾನ ಜಾಸ್ತಿ. ಅದು ಕೂರುವ ಸೀಟ್ ಮೇಲೆ ತುಕ್ಕು ಅಥವಾ ಕಾರ್ಬನ್ ಚೂರು ಕೂತರೂ ಗಾಳಿ ನಿಲ್ಲುವುದಿಲ್ಲ.

ಗೇಜನ್ನೂ ಪೂರ್ತಿ ನಂಬಬೇಡಿ. ಹಗ್ಗ ಎಳೆಯಲು ಹಗುರಾಗಲಿ ಅಂತ ಇಂಥ ಎಷ್ಟೋ ಇಂಜಿನ್‌ಗಳ ಕ್ಯಾಮ್‌ಶಾಫ್ಟ್‌ನಲ್ಲಿ (ವಾಲ್ವ್ ತೆರೆಸುವ ಶಾಫ್ಟ್) ಡಿಕಂಪ್ರೆಸರ್ ಇರುತ್ತದೆ. ನಿಧಾನಕ್ಕೆ ತಿರುಗುವಾಗ ಅದು ಒಂದು ವಾಲ್ವನ್ನು ಚೂರು ಎತ್ತಿ ಹಿಡಿಯುತ್ತದೆ. ಹಾಗಾಗಿ ಚೆನ್ನಾಗಿರುವ ಇಂಜಿನ್ ಕೂಡ ಕಡಿಮೆ ತೋರಿಸುತ್ತದೆ.

ಮೊದಲು ಟ್ಯಾಪೆಟ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್ ನೋಡಿ. ಇಂಜಿನ್ ತಣ್ಣಗಿರಲಿ, ಪಿಸ್ಟನ್ ಕಂಪ್ರೆಶನ್ ಸ್ಟ್ರೋಕ್‌ನ ತುದಿಯಲ್ಲಿರಲಿ. ಹೊಂಡಾ ಜಿಎಕ್ಸ್160ಕ್ಕಾದರೆ ಇನ್‌ಟೇಕ್ (ಒಳಬರುವ ಕಡೆಯ ವಾಲ್ವ್) 0.15 ಮಿ.ಮೀ., ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಡೆಯದು) 0.20 ಮಿ.ಮೀ. ನಿಮ್ಮದಕ್ಕೆ ಅದರ ಪುಸ್ತಕದ ಅಳತೆಯನ್ನೇ ಹಿಡಿಯಿರಿ. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ.

ಪ್ರಶ್ನೆ: ಟ್ಯಾಪೆಟ್ ಸರಿ ಮಾಡಿದೆ ಸರ್. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಹಾಕಿಯೂ ನೋಡಿದೆ. ಮುಳ್ಳು ಅಲ್ಲೇ ಇದೆ.

ಉತ್ತರ: ಒಳ್ಳೆಯ ಕೆಲಸ ಮಾಡಿದಿರಿ. ರಿಂಗ್ ಸೋರುತ್ತಿದ್ದರೆ ಆಯಿಲ್ ಆ ಸಂದು ತುಂಬಿ ಮುಳ್ಳು ಏರಬೇಕಿತ್ತು. ಈಗ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಡಿ. ಪಿಸ್ಟನ್ ಟ್ಯಾಪೆಟ್ ನೋಡಿದಾಗ ಇದ್ದ ಜಾಗದಲ್ಲೇ ಇರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಫ್ಲೈವೀಲ್ ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ಗಿರ್ರನೆ ತಿರುಗಿ ಕೈಗೆ ಏಟಾಗುತ್ತದೆ. ಆಮೇಲೆ ಕಿವಿಗೊಡಿ. ಸೈಲೆನ್ಸರ್‌ನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರ್ ಕಡೆ ಬಂದರೆ ಇನ್‌ಟೇಕ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗ್. ಹೆಡ್ (ಸಿಲಿಂಡರ್‌ನ ಮುಚ್ಚಳ) ಸುತ್ತ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದರೆ ಅದರ ಕೆಳಗಿನ ಗ್ಯಾಸ್ಕೆಟ್.

ಪ್ರಶ್ನೆ: ಸೈಲೆನ್ಸರ್‌ನಲ್ಲಿ ಬುಸ್ಸ್ ಅಂತಿದೆ!

ಉತ್ತರ: ಹಾಗಿದ್ರೆ ಬೋರ್ ಮಾತು ಬಿಡಿ, ಹೆಡ್ ಮಾತ್ರ ಬಿಚ್ಚಿ. ವಾಲ್ವ್ ಬಾಗಿದ್ದರೆ ಅಥವಾ ಅಂಚು ಸುಟ್ಟಿದ್ದರೆ ಹೊಸದೇ ಬೇಕು. ಬರೀ ಕಲೆ, ಸಣ್ಣ ಗುಳಿ ಇದ್ದರೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಹಿಂದೆ ಮುಂದೆ ತಿರುಗಿಸಿ ಉಜ್ಜಿ. ವಾಲ್ವ್ ಸುತ್ತ ಎಲ್ಲೂ ಮುರಿಯದ ಬೂದು ಬಣ್ಣದ ಉಂಗುರ ಕಾಣಬೇಕು. ಪೇಸ್ಟ್ ಒಂದು ಚೂರೂ ಉಳಿಯದಂತೆ ತೊಳೆಯಿರಿ. ಅದು ಒಳಗೆ ಹೋದರೆ ಆಗ ನಿಜವಾಗಿಯೂ ರಿಂಗ್, ಬೋರ್ ಎರಡೂ ಹೋಗುತ್ತವೆ! ವಾಲ್ವನ್ನು ಹೆಡ್‌ಗೆ ಜೋಡಿಸಿದ ಮೇಲೆ, ಹೆಡ್ ಕೂರಿಸುವ ಮುಂಚೆ, ಪೋರ್ಟ್‌ನಲ್ಲಿ (ವಾಲ್ವ್ ಹಿಂದಿನ ದಾರಿ) ಸ್ವಲ್ಪ ಪೆಟ್ರೋಲ್ ಸುರಿದು, ವಾಲ್ವ್ ಅಂಚಿನಲ್ಲಿ ಜಿನುಗುತ್ತದಾ ನೋಡಿ.

ಗ್ಯಾಸ್ಕೆಟ್ ಹೊಸದು ಹಾಕಿ. ಬೋಲ್ಟ್‌ಗಳನ್ನು ಎದುರು ಬದುರಾಗಿ, ಹಂತ ಹಂತವಾಗಿ ಬಿಗಿ ಮಾಡಿ. ಕೊನೆಗೆ ಟ್ಯಾಪೆಟ್ ಮತ್ತೆ ಸೆಟ್ ಮಾಡಲೇಬೇಕು. ಉಜ್ಜಿದ ವಾಲ್ವ್ ಸೀಟ್‌ನಲ್ಲಿ ಸ್ವಲ್ಪ ಒಳಗೆ ಕೂರುತ್ತದೆ, ಗ್ಯಾಪ್ ಕಡಿಮೆಯಾಗಿರುತ್ತದೆ.