ಜಪಾನಿನಲ್ಲಿ ಟೀಚರ್ ಆಗಿ ಕಟ್ಟಿದ ಪಿಂಚಣಿ: ವಾಪಸ್ ತಗೊಳ್ಳಬೇಕಾ, ಬಿಡಬೇಕಾ?

ಗುನ್ಮಾ_ಟೀಚರ್ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಗುನ್ಮಾದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎಎಲ್‌ಟಿ, ಅಂದರೆ ಸಹಾಯಕ ಭಾಷಾ ಟೀಚರ್ ಆಗಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಶಾಲೆ ನೇರವಾಗಿ ಕೆಲಸ ಕೊಟ್ಟಿದ್ದಲ್ಲ, ಶಾಲೆಗಳಿಗೆ ಟೀಚರ್‌ಗಳನ್ನು ಕಳಿಸುವ ಡಿಸ್ಪ್ಯಾಚ್ ಕಂಪನಿಯೊಂದರ ಮೂಲಕ ಬಂದವಳು. ಶುರುವಾಗಿದ್ದು 2022ರ ಡಿಸೆಂಬರ್ 1ಕ್ಕೆ. ಮೊದಲ ದಿನದಿಂದಲೂ ಕೋಸೆಯ್ ನೆಂಕಿನ್ (ನೌಕರರ ಪಿಂಚಣಿ) ಹಿಡಿಯುತ್ತಿದ್ದಾರೆ. ಪೇ ಸ್ಲಿಪ್‌ನಲ್ಲಿ ಪ್ರತಿ ತಿಂಗಳೂ 21,960 ಯೆನ್.

ಅಮ್ಮನಿಗೆ ಹುಷಾರಿಲ್ಲ, ಊರಿಗೆ ಹೋಗಲೇಬೇಕು. ಕಾಂಟ್ರ್ಯಾಕ್ಟ್ 2026ರ ಮಾರ್ಚ್ 25ಕ್ಕೆ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ ಹೊರಡುವ ಯೋಚನೆ. ಆದರೆ ಬೇಸಿಗೆ ರಜೆವರೆಗೆ, ಅಂದರೆ ಜುಲೈ ಕೊನೆವರೆಗೆ ಇರುತ್ತೀರಾ ಅಂತ ಶಾಲೆಯವರು ಕೇಳುತ್ತಿದ್ದಾರೆ. ಅಕ್ಕ ಇನ್ನು ಸ್ವಲ್ಪ ದಿನ ನೋಡಿಕೊಳ್ಳುತ್ತೇನೆ ಅಂದಿದ್ದಾಳೆ, ಹಾಗಾಗಿ ಅದೂ ಆಗದ ಮಾತಲ್ಲ.

ಕಟ್ಟಿದ್ದೆಲ್ಲ ವಾಪಸ್ ಸಿಗುತ್ತೆ ಅಂತ ಒಬ್ಬರು, 20% ತೆರಿಗೆಗೆ ಹೋಗುತ್ತೆ ಅಂತ ಇನ್ನೊಬ್ಬರು. ನಿಜವಾಗಿ ಎಷ್ಟು ಸಿಗುತ್ತೆ? ಹೊರಡುವ ಮುಂಚೆ ಏನೇನು ಮಾಡಿಕೊಳ್ಳಬೇಕು? ನನಗೀಗ 31. ಜಪಾನಿಗೆ ಬರುವ ಮುಂಚೆ ಬೆಂಗಳೂರಿನ ಖಾಸಗಿ ಶಾಲೆಯಲ್ಲಿ 7 ವರ್ಷ ಕೆಲಸ ಮಾಡಿದ್ದೆ, ಅಲ್ಲಿ ಪಿಎಫ್ ಇತ್ತು. ಅದನ್ನು ಇನ್ನೂ ಮುಟ್ಟಿಲ್ಲ.

ನಗಾನೋದಿಂದ_ಬಂದವಳು ಬರೆದ ಉತ್ತರ

ನಾನೂ ಎಎಲ್‌ಟಿ ಆಗಿದ್ದವಳೇ. ಈಗ ಊರಲ್ಲಿದ್ದೇನೆ. ಈ ದುಡ್ಡು ಪೂರ್ತಿ ತಗೊಂಡಿದ್ದೇನೆ, ತೆರಿಗೆ ಸಮೇತ. ಮೊದಲು ಒಂದು ಮಾತು, ಮಿಕ್ಕಿದ್ದು ಮರೆತರೂ ಪರವಾಗಿಲ್ಲ: ಜಪಾನ್ ಬಿಡುವ ಮುಂಚೆ ಅಲ್ಲೇ ಇರುವ ಒಬ್ಬರನ್ನು ನಿಮ್ಮ ತೆರಿಗೆ ಪ್ರತಿನಿಧಿ ಮಾಡಿ. ಅಲ್ಲಿ ನೋಝೆಯ್ ಕನ್ರಿನಿನ್ ಅಂತಾರೆ. ಎಷ್ಟೋ ಜನ ಟೀಚರ್‌ಗಳು ಇದೊಂದನ್ನು ಬಿಟ್ಟು ವಿಮಾನ ಹತ್ತುತ್ತಾರೆ. ಲಕ್ಷಾಂತರ ಯೆನ್ ಅಲ್ಲೇ ಉಳಿದುಹೋಗುತ್ತೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಈಗ ಲೆಕ್ಕ. ನಿಮ್ಮ ಕಟಾವು 21,960 ಅಂದರೆ ನಿಮ್ಮ ಸ್ಟ್ಯಾಂಡರ್ಡ್ ಸಂಬಳ (ಪಿಂಚಣಿ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ) 2,40,000 ಯೆನ್. ಅದರ 18.3% ಪಿಂಚಣಿಗೆ ಹೋಗುತ್ತೆ, ಅರ್ಧ ನಿಮ್ಮದು, ಅರ್ಧ ಕಂಪನಿಯದು. ವಾಪಸ್ ಸಿಗುವುದು ಹೆಚ್ಚುಕಡಿಮೆ ನಿಮ್ಮ ಅರ್ಧ ಮಾತ್ರ. ಆದರೆ ಕಟ್ಟಿದಷ್ಟನ್ನೇ ಎಣಿಸಿ ಕೊಡಲ್ಲ. ಸರಾಸರಿ ಸಂಬಳವನ್ನು ಒಂದು ದರದಿಂದ ಗುಣಿಸುತ್ತಾರೆ. ಆ ದರ ಆರಾರು ತಿಂಗಳಿಗೆ ಮೆಟ್ಟಿಲು ಹತ್ತುತ್ತೆ. 36ರಿಂದ 41 ತಿಂಗಳಿಗೆ 3.3. 42ರಿಂದ 47ಕ್ಕೆ 3.8. 60 ತಿಂಗಳಿಗೆ 5.5, ಅಲ್ಲಿಗೆ ನಿಂತಿತು. 2021ಕ್ಕೆ ಮುಂಚೆ 36 ತಿಂಗಳಿಗೇ ನಿಲ್ಲುತ್ತಿತ್ತು.

ಮಾರ್ಚ್‌ಗೆ ಬಿಟ್ಟರೆ ನಿಮ್ಮದು 3.3ರ ಮೆಟ್ಟಿಲು: 7,92,000 ಯೆನ್. ಜುಲೈ ಕೊನೆವರೆಗೆ ಇದ್ದರೆ 44 ತಿಂಗಳು: 9,12,000. ಒಂದು ಲಕ್ಷದ ಇಪ್ಪತ್ತು ಸಾವಿರ ಜಾಸ್ತಿ. ಆ ನಾಲ್ಕು ತಿಂಗಳಿಗೆ ನೀವು ಕಟ್ಟುವುದು 87,840. ಶಾಲೆಯವರು ಹೇಗೂ ಕೇಳುತ್ತಿದ್ದಾರೆ, ಮನೆಯಲ್ಲಿ ನಡೆಯುವುದಾದರೆ ಇರಿ ಅಂತಲೇ ಹೇಳುತ್ತೇನೆ. ಅಮ್ಮನ ವಿಷಯ ಮಾತ್ರ ನಿಮಗೇ ಗೊತ್ತು, ಅದಕ್ಕಿಂತ ಈ ದುಡ್ಡು ದೊಡ್ಡದಲ್ಲ.

ಕೆಲಸದ ಕೊನೆಯ ದಿನಾಂಕ ಇನ್ನೊಂದು ವಿಷಯ. ಕೆಲಸ ಬಿಟ್ಟ ಮಾರನೇ ದಿನಕ್ಕೆ ಕೋಸೆಯ್ ನೆಂಕಿನ್ ನಿಲ್ಲುತ್ತೆ, ಆ ದಿನ ಇರುವ ತಿಂಗಳು ಲೆಕ್ಕಕ್ಕಿಲ್ಲ. 31ಕ್ಕೆ ಬಿಟ್ಟರೆ ಮಾರ್ಚ್ ಪೂರ್ತಿ ಸೇರುತ್ತೆ. 25ಕ್ಕೆ ಬಿಟ್ಟರೆ ಮಾರ್ಚ್ ಇಲ್ಲ. ಮೇಲಿಂದ, ಏಪ್ರಿಲ್‌ವರೆಗೆ ಅಲ್ಲೇ ಇರುತ್ತೀರಲ್ಲ, ಮಾರ್ಚ್‌ಗೆ ಕೊಕುಮಿನ್ ನೆಂಕಿನ್ (ನಾವೇ ಕಟ್ಟಬೇಕಾದ ರಾಷ್ಟ್ರೀಯ ಪಿಂಚಣಿ) ಬಿಲ್ ಬರುತ್ತೆ, 17,510 ಯೆನ್. ಕೊಕುಮಿನ್‌ನಲ್ಲಿ ಕನಿಷ್ಠ 6 ತಿಂಗಳು ಕಟ್ಟದೆ ವಾಪಸ್ ಇಲ್ಲ, ಹಾಗಾಗಿ ಅದು ಹೋಯಿತು ಅಂತಲೇ. ಕಾಂಟ್ರ್ಯಾಕ್ಟ್ 31ರವರೆಗೆ ಮಾಡಿಕೊಡಿ ಅಂತ ಈಗಲೇ ಕೇಳಿ. ಯಾವಾಗ ಬಿಟ್ಟರೂ ಇದೇ ನಿಯಮ.

ತೆರಿಗೆ: 20.42% ಹಿಡಿದುಕೊಂಡೇ ಕಳಿಸುತ್ತಾರೆ. 7,92,000ಕ್ಕೆ ಅದು 1,61,726 ಯೆನ್. ಅದನ್ನು ನಿವೃತ್ತಿ ಹಣ ಅಂತ ತೋರಿಸಿ ರಿಟರ್ನ್ ಸಲ್ಲಿಸಿದರೆ, ನಮ್ಮಂಥವರ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆಯೇ ಬೀಳಲ್ಲ, ಪೂರ್ತಿ ವಾಪಸ್. ಆದರೆ ಆ ರಿಟರ್ನ್ ಸಲ್ಲಿಸಲು ಜಪಾನಿನಲ್ಲಿ ಮನುಷ್ಯ ಬೇಕು. ವಕೀಲರು, ಆಡಿಟರ್ ಆಗಬೇಕಿಲ್ಲ. ನನಗೆ ಮಾಡಿಕೊಟ್ಟಿದ್ದು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನ ನಾಲ್ಕನೇ ತರಗತಿ ಟೀಚರ್. ಹೊರಡುವ ಮುಂಚೆ ಇಬ್ಬರೂ ತೆರಿಗೆ ಕಚೇರಿಗೆ ಹೋಗಿ ಒಂದು ಫಾರ್ಮ್ ಕೊಟ್ಟು ಬಂದೆವು. ಒಂದು ಹಾಳೆ, ಅಷ್ಟೇ.

ಹೊರಡುವ ಮುಂಚೆ ಸಿಟಿ ಆಫೀಸಿನಲ್ಲಿ ಊರು ಬಿಡುವ ನೋಟಿಸ್ ಕೊಡಲೇಬೇಕು. ಜಪಾನಿನಲ್ಲಿ ವಿಳಾಸ ಇರುವವರೆಗೆ ಅರ್ಜಿ ನಡೆಯಲ್ಲ. ವಿಮಾನ ನಿಲ್ದಾಣದಲ್ಲಿ ರೆಸಿಡೆನ್ಸ್ ಕಾರ್ಡ್ ಕೊಟ್ಟುಬಿಡಿ, ತೂತು ಹಾಕಿ ವಾಪಸ್ ಕೊಡುತ್ತಾರೆ. ಅದಕ್ಕೂ ಮುಂಚೆ ಎರಡೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ. ವಿಳಾಸ ಹೋದ ದಿನದಿಂದ 2 ವರ್ಷದೊಳಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಪ್ರತಿ, ಪಿಂಚಣಿ ನಂಬರಿನ ಪುಸ್ತಕ ಅಥವಾ ನೋಟಿಸ್, ಬ್ಯಾಂಕ್ ದಾಖಲೆ, ಇಷ್ಟನ್ನೂ ಟೋಕಿಯೋದ ಸುಗಿನಾಮಿ ವಾರ್ಡಿನಲ್ಲಿರುವ ಜಪಾನ್ ಪೆನ್ಷನ್ ಸರ್ವಿಸ್‌ಗೆ ಕಳಿಸುವುದು. ದುಡ್ಡು ಬರಲು ತಿಂಗಳುಗಳೇ ಹಿಡಿಯುತ್ತವೆ, ಗಾಬರಿ ಬೇಡ.

ನಮ್ಮವರಿಗೆ ನಿಜವಾದ ತಲೆನೋವು ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಊರಿನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್. ಪಿಂಚಣಿ ದಾಖಲೆಯಲ್ಲಿ ಕತಕಾನಾ ಅಕ್ಷರದಲ್ಲಿ ಮೂರನೇ ರೀತಿ. ಖಾತೆ ಅರ್ಜಿದಾರರದೇ ಅಂತ ಅವರಿಗೆ ಕಾಣಬೇಕು. ಅದಕ್ಕೇ ನಮ್ಮ ಬ್ಯಾಂಕಿನ ಮ್ಯಾನೇಜರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಸಿಕೊಂಡೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು, ಖಾತೆ ನಂಬರ್, ಬ್ರಾಂಚ್ ಹೆಸರು, ವಿಳಾಸ, ಸ್ವಿಫ್ಟ್ ಕೋಡ್, ಕೆಳಗೆ ಸೀಲು, ಸಹಿ. ಎಷ್ಟೋ ಬ್ರಾಂಚ್‌ಗಳಿಗೆ ತಮ್ಮದೇ ಸ್ವಿಫ್ಟ್ ಕೋಡ್ ಇರಲ್ಲ, ಹೊರದೇಶದ ದುಡ್ಡಿಗೆ ಯಾವ ಕೋಡ್ ಅಂತ ಕೇಳಿ ಬರೆಸಿ. ಜಪಾನಿನ ಖಾತೆಗೇ ಹಾಕಿಸಿಕೊಳ್ಳುತ್ತೇನೆ ಅಂದರೂ ಆಗುತ್ತೆ, ಆದರೆ ಜಪಾನ್ ಪೋಸ್ಟ್ ಬ್ಯಾಂಕಿಗೆ ಇದು ಬರಲ್ಲ.

ಪಿಎಫ್_ಲೆಕ್ಕಿಗ ಬರೆದ ಉತ್ತರ

ಮೇಲಿನ ಮೇಡಂ ಹೇಳಿದ್ದೆಲ್ಲ ಸರಿ. ಆದರೆ ಒಂದು ನಿಮಿಷ ನಿಲ್ಲಿ. ಬೆಂಗಳೂರಿನ 7 ವರ್ಷದ ಪಿಎಫ್ ಮುಟ್ಟಿಲ್ಲ ಅಂದಿರಲ್ಲ, ಅದು ದೊಡ್ಡ ವಿಷಯ.

ಜಪಾನಿನಲ್ಲಿ ಪಿಂಚಣಿ ಸಿಗಲು ಒಟ್ಟು 10 ವರ್ಷ ಬೇಕು. 2017ರ ಆಗಸ್ಟ್‌ವರೆಗೆ 25 ವರ್ಷ ಇತ್ತು, ಆಗ ವಿದೇಶಿ ಟೀಚರ್ ಯಾರೂ ಅದರ ಆಸೆಯನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಇನ್ನೊಂದು ಕಡೆ, ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎರಡೂ ದೇಶದ ಅವಧಿ ಕೂಡಿಸಬಹುದು. ನಿಮ್ಮ ಇಪಿಎಸ್ (ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆ) 7 ವರ್ಷ, ಇಲ್ಲಿಯದು 3 ವರ್ಷದ ಮೇಲೆ. ಹತ್ತು ದಾಟಿತು ಅಲ್ವಾ?

ದುಡ್ಡು ಕೊಡುವಾಗ ಮಾತ್ರ ಜಪಾನ್ ತನ್ನ ತಿಂಗಳುಗಳಿಗಷ್ಟೇ ಕೊಡುತ್ತೆ. 40 ತಿಂಗಳಿಗೆ 2025-26ರ ದರದಲ್ಲಿ ನೋಡಿ. ಸಂಬಳದ ಭಾಗ ವರ್ಷಕ್ಕೆ ಸುಮಾರು 52,600 ಯೆನ್. ಮೂಲ ಪಿಂಚಣಿ 480 ತಿಂಗಳು ಕಟ್ಟಿದವರಿಗೆ ವರ್ಷಕ್ಕೆ 8,31,700, ಅದರಲ್ಲಿ ನಿಮ್ಮ 40 ತಿಂಗಳ ಪಾಲು 69,300. ಕೂಡಿಸಿದರೆ ವರ್ಷಕ್ಕೆ 1,22,000 ಯೆನ್ ಹತ್ತಿರ, 65ನೇ ವಯಸ್ಸಿನಿಂದ ಇರುವವರೆಗೆ. ಈಗ ತಗೊಳ್ಳುವ 7,92,000 ಆರೂವರೆ ವರ್ಷದಲ್ಲಿ ಬಂದುಬಿಡುತ್ತೆ.

ಒಮ್ಮೆ ವಾಪಸ್ ತಗೊಂಡರೆ ಅಲ್ಲಿವರೆಗಿನ ತಿಂಗಳುಗಳೆಲ್ಲ ಅಳಿಸಿಹೋಗುತ್ತವೆ. ಆಮೇಲೆ ಕೂಡಿಸಲು ಏನೂ ಉಳಿಯಲ್ಲ. 5 ವರ್ಷಕ್ಕಿಂತ ಜಾಸ್ತಿ ಇದ್ದವರಿಗಂತೂ ಇದು ದೊಡ್ಡ ನಷ್ಟ: 60 ತಿಂಗಳದ್ದು ಮಾತ್ರ ಕೊಟ್ಟು, ಅಳಿಸುವುದು ಪೂರ್ತಿಯನ್ನ. 2025ರಲ್ಲಿ ಪಿಂಚಣಿ ಕಾನೂನು ಬದಲಾಯಿಸಿದ್ದಾರೆ, ಈ 5 ವರ್ಷವನ್ನು 8 ಮಾಡುವ ತೀರ್ಮಾನವೂ ಆಗಿದೆ. ಹೊರಡುವ ದಿನ ಯಾವ ನಿಯಮ ಇದೆ ಅಂತ ನೋಡಿಕೊಂಡೇ ಅರ್ಜಿ ಹಾಕಿ.

ಅರೆಹೊತ್ತಿನ_ಮೇಷ್ಟ್ರು ಬರೆದ ಉತ್ತರ

ನಿಮಗೆ ಮೊದಲ ದಿನದಿಂದ ಹಿಡಿದಿದ್ದಾರಲ್ಲ, ಅದೇ ಪುಣ್ಯ. ನನ್ನ ಹಳೇ ಕಂಪನಿ ವಾರಕ್ಕೆ 29.5 ಗಂಟೆ ಅಂತ ಕಾಗದದಲ್ಲಿ ಬರೆದು ಕೋಸೆಯ್ ನೆಂಕಿನ್‌ಗೆ ಸೇರಿಸಲೇ ಇಲ್ಲ. ಬೆಳಗ್ಗೆ 8ರಿಂದ ಸಂಜೆ 4ರವರೆಗೆ ಶಾಲೆಯಲ್ಲೇ ಇರುತ್ತಿದ್ದೆ. ನಡುವಿನ ಬಿಡುವನ್ನೆಲ್ಲ ಕಳೆದುಬಿಟ್ಟಿದ್ದರು. ಮಕ್ಕಳ ಜೊತೆ ಊಟಕ್ಕೆ ಕೂತ ಹೊತ್ತನ್ನೂ ಸೇರಿಸಿ! ಊಟದ ಹೊತ್ತಿನಲ್ಲೇ ಮಕ್ಕಳು ಜಾಸ್ತಿ ಇಂಗ್ಲಿಷ್ ಆಡುತ್ತಿದ್ದುದು, ಅದು ಕೆಲಸ ಅಲ್ಲವಂತೆ. ನಾನೇ ಕೊಕುಮಿನ್ ನೆಂಕಿನ್ ಕಟ್ಟಿಕೊಂಡೆ. ಕೊಕುಮಿನ್ ವಾಪಸಾತಿಗೆ ಆ 20.42% ತೆರಿಗೆ ಇಲ್ಲ, ಅಷ್ಟೇ ಒಳ್ಳೆಯದು.

ಇದನ್ನು ಓದುವ ಬೇರೆ ಟೀಚರ್‌ಗಳಿಗೆ: 2024ರ ಅಕ್ಟೋಬರ್‌ನಿಂದ 51 ಮತ್ತು ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿಯಲ್ಲಿ ವಾರಕ್ಕೆ 20 ಗಂಟೆ, ತಿಂಗಳಿಗೆ 88,000 ಯೆನ್ ಇದ್ದವರನ್ನೂ ಸೇರಿಸಬೇಕು. 29.5ರ ನೆಪ ಅಲ್ಲಿ ನಡೆಯಲ್ಲ. ಸೇರಿಸದಿದ್ದರೆ ಪಿಂಚಣಿ ಕಚೇರಿಗೆ ಹೋಗಿ ಹೇಳಿ, 2 ವರ್ಷ ಹಿಂದಿನವರೆಗೆ ಸೇರಿಸಲು ಆಗುತ್ತೆ. ಕಾಂಟ್ರ್ಯಾಕ್ಟ್, ಪೇ ಸ್ಲಿಪ್, ಶಾಲೆಯ ವೇಳಾಪಟ್ಟಿ, ಯಾವುದನ್ನೂ ಎಸೆಯಬೇಡಿ.

ಗುನ್ಮಾ_ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಎಫ್ ಜೊತೆ ಕೂಡಿಸಬಹುದು ಅಂತ ಇಲ್ಲಿವರೆಗೆ ಯಾರೂ ಹೇಳಿರಲಿಲ್ಲ. ಅಕ್ಕನ ಜೊತೆ ಮಾತಾಡಿದೆ, ಜುಲೈ 31ರವರೆಗೆ ಇರುತ್ತೇನೆ. ಅಮ್ಮನ ಔಷಧಿ ಖರ್ಚು ಜಾಸ್ತಿ ಇದೆ, ಹಾಗಾಗಿ ಮನಸ್ಸು ವಾಪಸ್ ತಗೊಳ್ಳುವ ಕಡೆಗೇ ಇದೆ. ಆದರೂ ಆತುರ ಪಡಲ್ಲ. 2 ವರ್ಷ ಟೈಮ್ ಇದೆಯಲ್ಲ.

ಒಂದೇ ಪ್ರಶ್ನೆ. ತೆರಿಗೆ ಪ್ರತಿನಿಧಿಗೆ ನಾನು ಊರಿಂದ ಏನು ಕಳಿಸಬೇಕು? ವೈಸ್ ಪ್ರಿನ್ಸಿಪಾಲ್ ಒಪ್ಪಿಕೊಂಡಿದ್ದಾರೆ, ಅವರಿಗೆ ತೊಂದರೆ ಕೊಡಲು ಇಷ್ಟ ಇಲ್ಲ.

ನಗಾನೋದಿಂದ_ಬಂದವಳು

ವೈಸ್ ಪ್ರಿನ್ಸಿಪಾಲ್ ಸಿಕ್ಕಿದ್ದು ಒಳ್ಳೆಯದಾಯಿತು, ಫಾರ್ಮ್ ತುಂಬುವುದರಲ್ಲಿ ಅವರ ಕೈ ಪಳಗಿರುತ್ತೆ. ದುಡ್ಡು ಬಂದ ಮೇಲೆ ನಿಮ್ಮ ಊರಿನ ವಿಳಾಸಕ್ಕೆ ಪೆನ್ಷನ್ ಸರ್ವಿಸ್‌ನಿಂದ ಒಂದು ನೋಟಿಸ್ ಬರುತ್ತೆ. ಎಷ್ಟು ಕೊಟ್ಟರು, ಎಷ್ಟು ತೆರಿಗೆ ಹಿಡಿದರು ಅಂತ ಅದರಲ್ಲಿರುತ್ತೆ. ಅದರ ಮೂಲ ಪ್ರತಿಯೇ ಅವರಿಗೆ ಬೇಕು. ಫೋಟೋ ತೆಗೆದಿಟ್ಟುಕೊಂಡು, ಮೂಲವನ್ನು ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ. ವಾಪಸ್ ಬಂದ ತೆರಿಗೆ ಅವರ ಖಾತೆಗೆ ಬೀಳುತ್ತೆ, ಅಲ್ಲಿಂದ ನಿಮಗೆ ಕಳಿಸುತ್ತಾರೆ. ಆ ರವಾನೆ ಖರ್ಚನ್ನು ಅದರಲ್ಲೇ ಕಳೆದುಕೊಳ್ಳಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಸುಮ್ನೆ ತಮ್ಮ ಕೈಯಿಂದ ಕೊಟ್ಟುಬಿಡುತ್ತಾರೆ.

ತೆರಿಗೆ ವಾಪಸ್ ಕೇಳಲು 5 ವರ್ಷ ಇದೆ, ಅವರ ಶಾಲೆ ಕೆಲಸ ಕಡಿಮೆ ಇರುವಾಗ ಮಾಡಲಿ. ಆಮೇಲೆ, ಊರಿನ ವಿಳಾಸವನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ, ಪಿನ್ ಕೋಡ್ ಸಮೇತ. ನಿಮ್ಮ ಫೋನ್ ನಂಬರೂ ಹಾಕಿ.