‘ಒಕ್ಕೂಟ’ ಒಂದೇ ಸಾಕೇ? ನೆರೆದೇಶಗಳ ಆರ್ಥಿಕ ಕೂಡಿಕೆಗೆ ಕನ್ನಡದ ಪದಗಳು

ಮಾನ್ಯರೆ,

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರ ಓದಿಗೆಂದು, ಹೊರದೇಶದ ಅಡಿಕೆ ಯಾವ ಯಾವ ಒಪ್ಪಂದಗಳ ದಾರಿಯಲ್ಲಿ ನಮ್ಮ ಮಾರುಕಟ್ಟೆಗೆ ಬರುತ್ತದೆ ಎಂಬುದನ್ನು ತಿಳಿಸುವ ಕಿರುಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡುತ್ತಿರುವುದರಿಂದ ಬಲ್ಲವರ ಅಭಿಪ್ರಾಯ ಕೋರುತ್ತೇನೆ.

ಮೊದಲ ತೊಡಕು ‘ಒಕ್ಕೂಟ’. ಪತ್ರಿಕೆಗಳಲ್ಲಿ ಐರೋಪ್ಯ ಒಕ್ಕೂಟ, ಆಸಿಯಾನ್ (ಆಗ್ನೇಯ ಏಷ್ಯಾದ ದೇಶಗಳ ಕೂಟ) ಒಕ್ಕೂಟ, ಸಾರ್ಕ್ (ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘ) ಒಕ್ಕೂಟ ಎಂದೆಲ್ಲ ಓದುತ್ತೇವೆ. ಸಂವಿಧಾನದ ಒಂದನೆಯ ವಿಧಿಯಂತೆ ಭಾರತವೂ ರಾಜ್ಯಗಳ ಒಕ್ಕೂಟವೇ. 1985ರ ಡಿಸೆಂಬರ್ 8ರಂದು ಢಾಕಾದಲ್ಲಿ ಹುಟ್ಟಿದ ಸಾರ್ಕ್‌ನಲ್ಲಿ ಎಲ್ಲ ತೀರ್ಮಾನಗಳೂ ಸರ್ವಾನುಮತದಿಂದಲೇ ಆಗಬೇಕು, ಎರಡು ದೇಶಗಳ ನಡುವಿನ ತಕರಾರನ್ನು ಅಲ್ಲಿ ಚರ್ಚೆಗೆ ಎತ್ತುವಂತೆಯೇ ಇಲ್ಲ. ಐರೋಪ್ಯ ಒಕ್ಕೂಟಕ್ಕಾದರೋ ತನ್ನದೇ ನ್ಯಾಯಾಲಯವಿದೆ, 1979ರಿಂದ ಜನರೇ ನೇರವಾಗಿ ಆರಿಸುವ ಸಂಸತ್ತಿದೆ. ಇಷ್ಟು ಅಂತರವಿರುವ ಎರಡಕ್ಕೂ ಒಂದೇ ಹೆಸರಿಟ್ಟರೆ ಓದುಗರು ಎರಡನ್ನೂ ಒಂದೇ ತೂಕದಲ್ಲಿ ಅಳೆಯುತ್ತಾರೆ. ಹೋಲಿಕೆಗೆ ನಮ್ಮ ಹಾಲಿನ ವ್ಯವಸ್ಥೆಯನ್ನೇ ನೋಡಬಹುದು. ಊರಿನದು ಸಂಘ, ಶಿವಮೊಗ್ಗದ್ದು ಒಕ್ಕೂಟ, ಬೆಂಗಳೂರಿನದು ಮಹಾಮಂಡಲ. ದಿನವೂ ಡೇರಿಗೆ ಹಾಲು ಹಾಕುವವರು ಈ ಮೂರನ್ನು ಎಂದೂ ಅದಲುಬದಲು ಮಾಡುವುದಿಲ್ಲ. ಹಾಗಿರುವಾಗ ಸಾರ್ಕ್ ಅನ್ನು ‘ಸಹಕಾರ ಸಂಘ’ ಎಂದು ಕರೆದರೆ ತಪ್ಪೇನು? ಅದರ ಪೂರ್ಣ ಹೆಸರಿನಲ್ಲಿ ಇರುವುದೂ ಅಷ್ಟೇ.

ಎರಡನೆಯದು ‘ಏಕೀಕರಣ’. ಇಂಟಿಗ್ರೇಶನ್ ಎಂಬುದಕ್ಕೆ ಪಠ್ಯಗಳಲ್ಲಿ ಈ ಪದವೇ ಹೆಚ್ಚು. ಆದರೆ ಕನ್ನಡಿಗರ ಕಿವಿಯಲ್ಲಿ ಏಕೀಕರಣವೆಂದರೆ 1956ರ ನವೆಂಬರ್ 1; ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಒಂದೇ ರಾಜ್ಯವಾಗಿ, ನಡುವಿನ ಗಡಿಗಳು ಅಳಿದ ದಿನ. ಇಂದಿನ ಐರೋಪ್ಯ ಒಕ್ಕೂಟಕ್ಕೆ ಬುನಾದಿಯಾದ 1957ರ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಆರು ದೇಶಗಳಲ್ಲಿ ಯಾವುದೂ ಹಾಗೆ ಅಳಿಯಲಿಲ್ಲ. ಬ್ರಿಟನ್ 2020ರ ಜನವರಿ 31ರಂದು ಹೊರನಡೆದದ್ದೂ ಒಕ್ಕೂಟದ ಮುಂದಿನ ಒಪ್ಪಂದದಲ್ಲಿ ಹೊರಹೋಗುವ ಬಾಗಿಲು ಇದ್ದುದರಿಂದ. ಬಾಗಿಲಿರುವ ಮನೆಗೆ ಏಕೀಕರಣ ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. ‘ವಿಲೀನ’ವಂತೂ ಸಂಸ್ಥಾನಗಳಿಗೇ ಮೀಸಲು. ‘ಒಗ್ಗೂಡಿಕೆ’ ಎಂದರೆ ಕೂಡುವವರು ತಾವು ತಾವಾಗಿಯೇ ಉಳಿದಿರುತ್ತಾರೆ ಎಂಬ ಧ್ವನಿ ಬರುತ್ತದೆ. ಸದ್ಯಕ್ಕೆ ಅದನ್ನೇ ಬಳಸಿದ್ದೇನೆ.

ನಿಜವಾಗಿ ಎಚ್ಚರ ಬೇಕಾಗಿರುವುದು ಒಗ್ಗೂಡಿಕೆಯ ಮೆಟ್ಟಿಲುಗಳ ಹೆಸರುಗಳಲ್ಲಿ. ‘ಮುಕ್ತ ವ್ಯಾಪಾರ ವಲಯ’ದಲ್ಲಿ ಸದಸ್ಯ ದೇಶಗಳು ತಮ್ಮೊಳಗಿನ ಸುಂಕವನ್ನು ಇಳಿಸಿಕೊಳ್ಳುತ್ತವೆ, ಹೊರಗಿನವರಿಗೆ ಹಾಕುವ ಸುಂಕ ಮಾತ್ರ ಆಯಾ ದೇಶದ ಇಷ್ಟ. ‘ಸುಂಕದ ಒಕ್ಕೂಟ’ದಲ್ಲಿ ಹೊರಗಿನವರಿಗೂ ಎಲ್ಲ ದೇಶಗಳದು ಒಂದೇ ಸುಂಕ, ಐರೋಪ್ಯರು 1968ರಲ್ಲಿ ಮುಟ್ಟಿದ ಮೆಟ್ಟಿಲು ಅದು. 2006ರಿಂದ ಜಾರಿಯಲ್ಲಿರುವ ಸಾಫ್ಟಾ, ಅಂದರೆ ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ, ಮೊದಲನೆಯ ಬಗೆಯದು; 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದವೂ ಹಾಗೆಯೇ. ಈ ಭೇದ ಮಲೆನಾಡಿನ ತೋಟದವರಿಗೆ ಪುಸ್ತಕದ ಮಾತಲ್ಲ. ಅಡಿಕೆಗೆ ಭಾರತ ಹಾಕುವ ಆಮದು ಸುಂಕ ಶೇ 100. ಬೇರೆಲ್ಲೋ ಬೆಳೆದ ಅಡಿಕೆ ಕಡಿಮೆ ಸುಂಕದ ನೆರೆದೇಶಕ್ಕೆ ಇಳಿದು, ಅಲ್ಲಿಯದೇ ಬೆಳೆ ಎಂಬ ಕಾಗದ ಹಿಡಿದು ರಿಯಾಯಿತಿಯಲ್ಲಿ ಒಳಬರಬಲ್ಲದು ಎಂಬ ಅಂಜಿಕೆ ಹುಟ್ಟುವುದು ಮುಕ್ತ ವ್ಯಾಪಾರ ವಲಯದಲ್ಲಿ. ಸುಂಕದ ಒಕ್ಕೂಟದಲ್ಲಿ ಆ ಸುತ್ತುದಾರಿಯಿಂದ ಲಾಭವೇ ಇರುವುದಿಲ್ಲ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಅಗ್ಗದ್ದನ್ನು ತರಿಸುವಂತಿಲ್ಲ ಎಂಬ ಮಿತಿಯನ್ನು) ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು ಅಗ್ಗದ ಆಮದನ್ನು ತಡೆಯಲೆಂದೇ. ಮುಕ್ತ ವ್ಯಾಪಾರ ವಲಯ, ಸುಂಕದ ಒಕ್ಕೂಟ ಎರಡನ್ನೂ ‘ವ್ಯಾಪಾರ ಒಕ್ಕೂಟ’ ಎಂದುಬಿಟ್ಟರೆ ಈ ವಾದವನ್ನು ಕನ್ನಡದಲ್ಲಿ ಹೂಡಲು ದಾರಿಯೇ ಉಳಿಯುವುದಿಲ್ಲ.

ಇನ್ನು ಎರಡು ಸಣ್ಣ ಪೇಚುಗಳು. ‘ಸರಕುಗಳ ಮುಕ್ತ ಸಂಚಾರ’ ಎಂದು ಬರೆದು ಒಬ್ಬ ಬೆಳೆಗಾರರಿಗೆ ತೋರಿಸಿದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು ಎಂದರೆ ರಾಶಿ, ಬೆಟ್ಟೆ, ಗೊರಬಲುಗಳ ಜೊತೆಗಿನ ಒಂದು ಬಗೆಯ ಅಡಿಕೆಯಾದ್ದರಿಂದ, ಉಳಿದ ಅಡಿಕೆಗೆ ಸಂಚಾರವಿಲ್ಲವೇ ಎಂದು ಅವರು ಕೇಳಿದರು. ‘ನೆರೆ ಸಹಕಾರ’ ಎಂಬುದನ್ನಂತೂ ನಾನೇ ಹೊಡೆದುಹಾಕಿದೆ. ತುಂಗೆಯ ದಂಡೆಯಲ್ಲಿ ಮಳೆಗಾಲದಲ್ಲಿ ನೆರೆ ಎಂದರೆ ಅರ್ಥ ಒಂದೇ.

ಕೊನೆಗೂ ಬಗೆಹರಿಯದೆ ಉಳಿದಿರುವುದು ‘ರೂಲ್ಸ್ ಆಫ್ ಆರಿಜಿನ್’, ಅಂದರೆ ಒಂದು ವಸ್ತು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮಗಳು. ‘ಮೂಲದ ನಿಯಮಗಳು’ ಎಂದರೆ ಮೂಲಭೂತ ನಿಯಮಗಳೆಂದು ತಿಳಿಯುವ ಅಪಾಯವಿದೆ. ‘ಹುಟ್ಟುನೆಲದ ನಿಯಮ’ ಸ್ಪಷ್ಟವಾಗಿದ್ದರೂ ಕೊಂಚ ಕಾವ್ಯದ ವಾಸನೆ ಹೊಡೆಯುತ್ತದೆ. ಮಂಗಳೂರು ಬಂದರಿನ ವ್ಯವಹಾರ ಬಲ್ಲವರು ಅಥವಾ ಮಂಡಿಯ ಲೆಕ್ಕ ಬರೆಯುವವರು ಇದಕ್ಕೆ ಬಾಯಿಮಾತಿನಲ್ಲಿ ಏನನ್ನುತ್ತಾರೆ ಎಂದು ತಿಳಿಸಿದರೆ ಅದನ್ನೇ ಬರೆಯುತ್ತೇನೆ.