ವಾರಕ್ಕೆ 12 ಗಂಟೆ ಪಾಠ, ಆದರೂ ಇಷ್ಟು ಒತ್ತಡವೇಕೆ?

ಪ್ರಶ್ನೆ:
ಒಂಬತ್ತು ವರ್ಷಗಳಿಂದ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕನಾಗಿದ್ದೇನೆ. ವೇಳಾಪಟ್ಟಿಯಲ್ಲಿರುವುದು ವಾರಕ್ಕೆ 12 ಗಂಟೆಯ ಪಾಠ ಮಾತ್ರ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಆದರೆ ಮೊನ್ನೆ ಮೌಲ್ಯಮಾಪನದ ಹೊತ್ತಿನಲ್ಲಿ, ರಾತ್ರಿ ಒಂದು ಗಂಟೆಗೆ, ಉತ್ತರ ಪತ್ರಿಕೆಯ ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹೋಗದೆ ಕೆಂಪು ಪೆನ್ನು ಹಿಡಿದುಕೊಂಡೇ ಕುಳಿತಿದ್ದೆ. ಮರುದಿನ ಸಂದೇಹ ಕೇಳಲು ಬಂದ ವಿದ್ಯಾರ್ಥಿಯ ಮೇಲೆ ವಿನಾಕಾರಣ ರೇಗಿದೆ. ಇದು ಬರಿಯ ಆಯಾಸವೇ?

ಉತ್ತರ 1:
ರೇಗಿದ್ದನ್ನು ಹಗುರವಾಗಿ ಕಾಣಬೇಡಿ. ಮನೋವಿಜ್ಞಾನಿಗಳಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದು) ಅಳತೆಗೋಲು ಭಾವನಾತ್ಮಕ ಬಳಲಿಕೆಯನ್ನಷ್ಟೇ ಅಳೆಯುವುದಿಲ್ಲ. ಎದುರಿಗಿರುವವರ ಬಗ್ಗೆ ಮನಸ್ಸು ಮರಗಟ್ಟುವುದನ್ನೂ ತನ್ನಿಂದ ಏನೂ ಸಾಧನೆಯಾಗುತ್ತಿಲ್ಲ ಎನಿಸುವುದನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. 2022ರಲ್ಲಿ ಜಾರಿಗೆ ಬಂದ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬರ್ನ್‌ಔಟ್ ಅನ್ನು ಕಾಯಿಲೆ ಎನ್ನದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಔದ್ಯೋಗಿಕ ಒತ್ತಡದ ಫಲ ಎಂದಿದೆ. ಹಾಗೆಂದು ನೀವೇ ನಿರ್ಧರಿಸಿಕೊಳ್ಳದೆ, ನಿದ್ದೆಗೆಟ್ಟು ವಾರಗಳೇ ಆಗಿದ್ದರೆ ವೈದ್ಯರನ್ನು ಕಾಣಿ.

ಉತ್ತರ 2:
ಗಂಟೆಗಳ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗದು. ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಕೆಲಸದ ಒತ್ತಡದ ಮಾದರಿಯ ಪ್ರಕಾರ, ಬೇಡಿಕೆ ಹೆಚ್ಚಿದ್ದು, ಕೆಲಸವನ್ನು ಹೇಗೆ ಮಾಡಬೇಕೆಂಬ ತೀರ್ಮಾನ ಮಾತ್ರ ಕೈಯಲ್ಲಿಲ್ಲದಿರುವ ಸ್ಥಿತಿಯೇ ಮನುಷ್ಯನನ್ನು ಹೆಚ್ಚು ಹಿಂಡುತ್ತದೆ. ಅಧ್ಯಾಪಕರ ವೃತ್ತಿಯಲ್ಲಿ ಹೊರೆ ಹಿಂದೆಯೂ ಇತ್ತು, ಆದರೆ ಏನನ್ನು ಯಾವಾಗ ಓದಬೇಕು, ಬರೆಯಬೇಕು ಎಂಬುದು ಬಹುಮಟ್ಟಿಗೆ ಅವರದೇ ಆಗಿತ್ತು. ಈಗ ಬಡ್ತಿಗೆ ಬೇಕಾದ ಲೇಖನಗಳ ಸಂಖ್ಯೆ, ಸಂಜೆ ಕೇಳಿ ಬೆಳಿಗ್ಗೆಯೊಳಗೆ ಕೊಡಬೇಕಾದ ವರದಿ, ಸಮಿತಿಯ ಸಭೆ ಎಲ್ಲವೂ ಬೇರೆಯವರ ತೀರ್ಮಾನ. ಸಂಶೋಧನಾರ್ಥಿಯ ಕರಡು ತಿದ್ದುವುದು, ಶಿಫಾರಸು ಪತ್ರ ಬರೆಯುವುದು ಯಾವ ಕಾರ್ಯಭಾರದ ಪಟ್ಟಿಗೂ ಸೇರುವುದಿಲ್ಲ. ಎರಡು ವಾರ ಪ್ರತಿ ಕೆಲಸಕ್ಕೆ ಹಿಡಿದ ವೇಳೆಯನ್ನು ಬರೆದಿಟ್ಟು ವಿಭಾಗದ ಮುಖ್ಯಸ್ಥರ ಮುಂದಿಡಿ. ಅದು ದೂರು ಎನಿಸುವುದಿಲ್ಲ, ದಾಖಲೆಯಾಗುತ್ತದೆ. (ಧ್ಯಾನ ಶಿಬಿರಕ್ಕೆ ಹೋಗಿ ಬನ್ನಿ ಎಂಬ ಸುತ್ತೋಲೆಯೂ ಬರಬಹುದು, ಅದಕ್ಕೂ ಹಾಜರಾತಿ ಇರುತ್ತದೆ.)

ಉತ್ತರ 3:
ಕಾಯಂ ಹುದ್ದೆಯಲ್ಲಿರುವವರಿಗೆ ಈ ಸಲಹೆ ಸರಿ. ಮುಂದಿನ ವರ್ಷ ಕೆಲಸ ಮುಂದುವರಿಯುವುದೋ ಇಲ್ಲವೋ ಎಂದು ತಿಳಿಯದ ನನ್ನಂಥ ತಾತ್ಕಾಲಿಕ ಉಪನ್ಯಾಸಕರು ಆ ದಾಖಲೆಯನ್ನು ತೋರಿಸಿದರೆ, ಮೊದಲು ಕಡಿತವಾಗುವುದು ನಮ್ಮ ಪಾಠಗಳೇ. ನಾಲ್ಕಾರು ಮಂದಿ ಒಟ್ಟಾಗಿ ಕೊಟ್ಟರೆ ಮಾತ್ರ ಧೈರ್ಯ ಬರುತ್ತದೆ.

ಪ್ರಶ್ನೆ ಕೇಳಿದವರು:
ನಿನ್ನೆಯಿಂದ ಬರೆದಿಡುತ್ತಿದ್ದೇನೆ. ಮೊದಲ ದಿನದ ಲೆಕ್ಕ ಹೀಗಿದೆ: ಪಾಠ ಎರಡು ಗಂಟೆ, ಒಂದೇ ಹಾಜರಾತಿಯನ್ನು ಎರಡು ತಂತ್ರಾಂಶಗಳಲ್ಲಿ ತುಂಬಲು ಒಂದೂವರೆ ಗಂಟೆ. ಇಬ್ಬರು ಸಹೋದ್ಯೋಗಿಗಳು ತಾವೂ ಬರೆದಿಡುತ್ತೇವೆ ಎಂದಿದ್ದಾರೆ. ಅವರಲ್ಲಿ ಒಬ್ಬರು ತಾತ್ಕಾಲಿಕ ಉಪನ್ಯಾಸಕರು.